ದೇವದಾರು: ಹೆಸರು ಒಂದು, ಮರ ಹಲವು

ರಾಣೆಬೆನ್ನೂರಿನ ಪೇಟೆಯ ಒಂದು ಗ್ರಂಧಿಗೆ ಅಂಗಡಿ. ದ್ವಿತೀಯ ಪಿಯುಸಿ ಓದುವ ಹುಡುಗಿಯೊಬ್ಬಳು ಕೈಯಲ್ಲಿ ಚೀಟಿ ಹಿಡಿದು ನಿಂತಿದ್ದಾಳೆ. ಮನೆಯಲ್ಲಿ ಅಕ್ಕ ಬಾಣಂತಿ. ವೈದ್ಯರು ಬರೆದುಕೊಟ್ಟ ಕಷಾಯದ ಸಾಮಾನಿನ ಪಟ್ಟಿಯಲ್ಲಿ ಶುಂಠಿ, ಹಿಪ್ಪಲಿ, ಕೊತ್ತಂಬರಿ ಇವುಗಳ ಜೊತೆಗೆ ದೇವದಾರು ಎಂಬ ಹೆಸರೂ ಇದೆ. ಅಂಗಡಿಯವರು ಕನ್ನಡಕ ಏರಿಸಿಕೊಂಡು ಕೇಳುತ್ತಾರೆ:

‘ದೇವದಾರು ಯಾದು ಬೇಕವ್ವಾ? ಕಷಾಯದ್ದೋ, ಧೂಪದ್ದೋ?’

‘ಎರಡೂ ಬ್ಯಾರೆ ಬ್ಯಾರೆ ಏನ್ರಿ ಕಾಕಾ?’

‘ಕಷಾಯಕ್ಕ ಚೆಕ್ಕಿ, ಧೂಪಕ್ಕ ಪುಡಿ. ಚೆಕ್ಕಿ ಆದ್ರ ಕಣ್ಣಿಗೆ ಕಾಣತೈತಿ, ಮೂಗಿಗೆ ತಿಳೀತೈತಿ. ಪುಡಿಯೊಳಗ ಏನೈತಿ ಅನ್ನೋದು ಪುಡಿ ಮಾಡಿದವಗ ಗೊತ್ತು.’

ಹುಡುಗಿ ಚೆಕ್ಕೆಯನ್ನೇ ಕೊಂಡಳು. ದಾರಿಯಲ್ಲಿ ಕಾಗದ ಬಿಚ್ಚಿ ಮೂಸಿದಾಗ ಅವಳಿಗೆ ನೆನಪಾದದ್ದು ದೇವರ ಮನೆಯೂ ಅಲ್ಲ, ಔಷಧಿಯೂ ಅಲ್ಲ. ಬೆಂಗಳೂರಿನ ಸೋದರಮಾವ ತಂದುಕೊಟ್ಟಿದ್ದ ವಿದೇಶಿ ಪೆನ್ಸಿಲ್! ಅದನ್ನು ಹೆರೆದಾಗ ಬರುತ್ತಿದ್ದ ವಾಸನೆಯ ಅಣ್ಣನೋ ತಮ್ಮನೋ ಈ ಚೆಕ್ಕೆಯಲ್ಲಿ ಇದ್ದಂತಿತ್ತು. ಮನೆಗೆ ಬಂದು ಹೇಳಿದರೆ ಅಮ್ಮ ನಕ್ಕರು. ‘ದೇವದಾರು ಅಂದ್ರ ನಿಮ್ಮ ಸಾಲಿ ಕಂಪೌಂಡಿನಾಗ ಎತ್ತರಕ ಬೆಳದಾವಲ್ಲ, ಅವ.’ ಅಜ್ಜ ಇಬ್ಬರ ಮಾತನ್ನೂ ತಳ್ಳಿಹಾಕಿದರು. ‘ಅದಲ್ಲ. ಅದು ನಮ್ಮ ಕಡೆ ಕುರುಚಲು ಅಡವ್ಯಾಗ ಇರೋ ಗಿಡ. ಗಂಧದ ಬಳಗದ್ದು.’

ಒಂದೇ ಮನೆಯಲ್ಲಿ ಒಂದು ಹೆಸರಿಗೆ ಮೂರು ಅರ್ಥ. ತಮಾಷೆಯೆಂದರೆ ಮೂವರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ, ಮೂವರ ಮಾತಿನಲ್ಲೂ ಸ್ವಲ್ಪ ತಪ್ಪಿದೆ.

ಯಾವುದು ನಿಜವಾದ ದೇವದಾರು?

ಸಂಸ್ಕೃತದ ‘ದೇವದಾರು’ ಎಂಬುದಕ್ಕೆ ದೇವರ ಮರ, ದೇವರ ಕಟ್ಟಿಗೆ ಎಂದು ಅರ್ಥ. ಕಾಳಿದಾಸನ ‘ರಘುವಂಶ’ದಲ್ಲಿ ಶಿವನು ಮಗನಂತೆ ಸಾಕಿದ ದೇವದಾರು ಮರವೊಂದರ ಪ್ರಸಂಗ ಬರುತ್ತದೆ. ಕಾಡಾನೆಯೊಂದು ಮೈ ತಿಕ್ಕಿ ತೊಗಟೆ ಸುಲಿದಾಗ ಪಾರ್ವತಿ ಆ ಮರಕ್ಕಾಗಿ ಮರುಗುತ್ತಾಳೆ. ಅದು ಹಿಮಾಲಯದ ಮರ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಸೀಡ್ರಸ್ ದೇವದಾರ. ಪೈನ್ ಮರದ ಕುಟುಂಬಕ್ಕೆ ಸೇರಿದ, ಸೂಜಿಯಂಥ ಎಲೆಯ, ಹೂವಿನ ಬದಲು ಶಂಕುವಿನಾಕಾರದ ಕಾಯಿ ಬಿಡುವ ಮರ. ಹಿಮಾಚಲ ಪ್ರದೇಶಕ್ಕೆ ಅದು ರಾಜ್ಯದ ಮರ, ಪಾಕಿಸ್ತಾನಕ್ಕೆ ರಾಷ್ಟ್ರದ ಮರ. ಇದರ ಹತ್ತಿರದ ಬಂಧುಗಳು ಲೆಬನಾನ್ ಮತ್ತು ಟರ್ಕಿಯ ಬೆಟ್ಟಗಳಲ್ಲಿ, ಮೊರಾಕೊ ಮತ್ತು ಅಲ್ಜೀರಿಯದ ಅಟ್ಲಾಸ್ ಪರ್ವತಗಳಲ್ಲಿ, ಸೈಪ್ರಸ್ ದ್ವೀಪದಲ್ಲಿ ಇವೆ. ನಿಜವಾದ ಸೀಡರ್ ಎಂದರೆ ಇಷ್ಟೇ.

ಅಮ್ಮ ಹೇಳಿದ್ದು ಕಂಬದಂತೆ ನೆಟ್ಟಗೆ ಬೆಳೆದು ಎಲೆಗಳನ್ನು ಕೆಳಕ್ಕೆ ಜೋತುಬಿಡುವ ಮರ. ಅದನ್ನು ಬಂಗಾಳದಲ್ಲಿ ದೇವದಾರು ಎಂದೇ ಕರೆಯುತ್ತಾರೆ. ಅನೇಕ ಶಾಲೆಗಳಲ್ಲಿ ಅದಕ್ಕೆ ಅಶೋಕ ಎಂಬ ಹಲಗೆ ತೂಗುಹಾಕಿರುವುದೂ ಉಂಟು. ಅದು ದೇವದಾರುವೂ ಅಲ್ಲ, ಅಶೋಕವೂ ಅಲ್ಲ. ಸೀತಾಫಲದ ಕುಟುಂಬಕ್ಕೆ ಸೇರಿದ ಮರ.

ಅಜ್ಜ ಹೇಳಿದ್ದು ಬಯಲುಸೀಮೆಯ ಒಣ ಕುರುಚಲು ಕಾಡುಗಳಲ್ಲಿ ಬೆಳೆಯುವ ಎರಿತ್ರಾಕ್ಸಿಲಮ್ ಮೋನೋಗೈನಮ್ ಎಂಬ ಸಣ್ಣ ಮರ. ಕನ್ನಡ, ತಮಿಳು ಎರಡರಲ್ಲೂ ಅದಕ್ಕೆ ದೇವದಾರು ಎಂಬ ಹೆಸರಿದೆ. ಅದರ ಚೇಗಿಗೆ ಸುವಾಸನೆ ಇರುವುದರಿಂದ ಗಂಧದ ಕೊರಡಿನ ಬದಲಿಗೆ ಬಳಸುತ್ತಿದ್ದರು. ಬ್ರಿಟಿಷ್ ಅರಣ್ಯಾಧಿಕಾರಿಗಳು ಇದನ್ನು ಹುಸಿಗಂಧವೆಂದೂ ಕೆಂಪು ಸೀಡರ್ ಎಂದೂ ಕರೆದರು. ಹಿಮಾಲಯದ ಮರವನ್ನು ಕಾಣದ ದಕ್ಷಿಣದ ಜನ ತಮ್ಮ ಕಾಡಿನ ಪರಿಮಳದ ಮರಕ್ಕೆ ಆ ದೊಡ್ಡ ಹೆಸರನ್ನು ಕೊಟ್ಟುಕೊಂಡರು. ಇದರಲ್ಲಿ ಮೋಸವಿಲ್ಲ, ಗೌರವವಿದೆ. ಮಲೆನಾಡಿನ ಗಂಧಗರಿಗೆಯೂ ಇಂಗ್ಲಿಷಿನಲ್ಲಿ ಕೆಂಪು ಸೀಡರ್ ಎನಿಸಿಕೊಂಡಿದೆ. ಅದು ಬೇವಿನ ಕುಟುಂಬದ್ದು.

ಹುಡುಗಿಯ ಪೆನ್ಸಿಲ್‌ ಕತೆ ಇನ್ನೂ ಸ್ವಾರಸ್ಯಕರ. ಅಮೆರಿಕದ ಪೂರ್ವಭಾಗದಲ್ಲಿ ಬೆಳೆಯುವ ‘ವರ್ಜೀನಿಯ ಸೀಡರ್’ ಎಂಬ ಮರದ ಕಟ್ಟಿಗೆ ಮೆತ್ತಗೆ, ನೇರವಾದ ಎಳೆ, ಚಾಕುವಿಗೆ ಸಲೀಸು. ಆದ್ದರಿಂದ ಒಂದು ಕಾಲದಲ್ಲಿ ಜಗತ್ತಿನ ಒಳ್ಳೆಯ ಪೆನ್ಸಿಲ್‌ಗಳೆಲ್ಲ ಅದರಿಂದಲೇ ಆಗುತ್ತಿದ್ದವು. ಅದು ವಾಸ್ತವದಲ್ಲಿ ಜುನಿಪರ್ ಜಾತಿಯ ಮರ. ಮರ ಕಡಿಮೆಯಾಗುತ್ತ ಬಂದ ಹಾಗೆ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಾರ್ಖಾನೆಗಳು ಕ್ಯಾಲಿಫೋರ್ನಿಯದ ‘ಇನ್ಸೆನ್ಸ್ ಸೀಡರ್’ಗೆ ಬದಲಾದವು. ಅದೂ ನಿಜವಾದ ಸೀಡರ್ ಅಲ್ಲ! ನಮ್ಮ ದೇಶದ ಪೆನ್ಸಿಲ್‌ಗಳಿಗೆ ಹೆಚ್ಚಾಗಿ ಕಾಶ್ಮೀರದ ಪುಲ್ವಾಮಾ ಕಡೆಯ ಪಾಪ್ಲರ್ ಮರ ಬರುತ್ತದೆ. ಅದಕ್ಕೆ ಆ ಪರಿಮಳವಿಲ್ಲ. ಹಾಗಾಗಿ ಸೋದರಮಾವನ ಪೆನ್ಸಿಲ್ಲೇ ಹುಡುಗಿಯ ನೆನಪಿನಲ್ಲಿ ಉಳಿದದ್ದು ಸಹಜ.

ಹದಿನೈದು ಕಾರ್ಬನ್‌ಗಳ ಬಳಗ

ಬೇರೆ ಬೇರೆ ಕುಟುಂಬದ ಮರಗಳು ಒಂದೇ ಬಗೆಯ ವಾಸನೆ ಬೀರುವುದು ಹೇಗೆ? ಇದಕ್ಕೆ ಉತ್ತರ ರಸಾಯನಶಾಸ್ತ್ರದಲ್ಲಿದೆ. ಗಿಡಮರಗಳು ಐದು ಕಾರ್ಬನ್ ಪರಮಾಣುಗಳ ಒಂದು ಇಟ್ಟಿಗೆಯನ್ನು ಮತ್ತೆ ಮತ್ತೆ ಜೋಡಿಸಿ ತಮ್ಮ ಪರಿಮಳದ ವಸ್ತುಗಳನ್ನು ಕಟ್ಟುತ್ತವೆ. ಎರಡು ಇಟ್ಟಿಗೆ ಸೇರಿದರೆ ಹತ್ತು ಕಾರ್ಬನ್. ನಿಂಬೆ ಸಿಪ್ಪೆಯ ಲಿಮೋನೀನ್ ಇಂಥದು. ಏಲಕ್ಕಿಯ ಸಿನಿಯೋಲ್ ಕೂಡ ಇಂಥದೇ. ಹಾವೇರಿಗೆ ಹೆಸರು ತಂದ ಏಲಕ್ಕಿಗೂ, ನೆಗಡಿಗೆ ಮೂಸುವ ನೀಲಗಿರಿ ಎಣ್ಣೆಗೂ ಈ ಸಿನಿಯೋಲ್ ಸಮಾನ ಎಂಬುದು ಅನೇಕರಿಗೆ ಗೊತ್ತಿಲ್ಲ.

ಮೂರು ಇಟ್ಟಿಗೆ ಸೇರಿದರೆ ಹದಿನೈದು ಕಾರ್ಬನ್. ಮರದ ಚೇಗಿನ ಆಳವಾದ ಪರಿಮಳವೆಲ್ಲ ಬಹುಮಟ್ಟಿಗೆ ಈ ಬಳಗದ್ದು. ಹಿಮಾಲಯದ ದೇವದಾರು ಎಣ್ಣೆಯಲ್ಲಿ ಹೇರಳವಾಗಿರುವುದು ಹಿಮಾಚಲೀನ್ ಎಂಬ ವಸ್ತುಗಳು. ಹೆಸರು ಎಲ್ಲಿಂದ ಬಂತೆಂದು ಹೇಳಬೇಕಿಲ್ಲ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಸುಖದೇವ್ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ ಇವುಗಳ ರಚನೆಯನ್ನು ಬಿಡಿಸಿ ತೋರಿಸಿದರು. ವರ್ಜೀನಿಯದ ಜುನಿಪರ್ ಎಣ್ಣೆಯಲ್ಲಿ ಹಿಮಾಚಲೀನ್ ಮುಖ್ಯವಲ್ಲ. ಅಲ್ಲಿ ಸೀಡ್ರೀನ್, ಸೀಡ್ರಾಲ್‌ಗಳದೇ ಆಳ್ವಿಕೆ. ಶ್ರೀಗಂಧದಲ್ಲಿ ಸ್ಯಾಂಟಲಾಲ್. ಎಲ್ಲವೂ ಹದಿನೈದು ಕಾರ್ಬನ್‌ಗಳ ವಸ್ತುಗಳೇ. ಆದರೆ ಕಟ್ಟಿದ ಬಗೆ ಬೇರೆ. ಒಂದೇ ರಾಶಿ ಇಟ್ಟಿಗೆಯಿಂದ ಗುಡಿಯನ್ನೂ ಕಟ್ಟಬಹುದು, ಉಗ್ರಾಣವನ್ನೂ ಕಟ್ಟಬಹುದಲ್ಲವೇ?

ಕಣಗಳು ದೊಡ್ಡದಾದಷ್ಟೂ ಆರಿಹೋಗುವುದು ನಿಧಾನ. ಸುಗಂಧ ತಯಾರಿಕೆಯ ಮೂಲಸೂತ್ರ ಇದೇ. ಸೀಸೆ ತೆರೆದ ಕೂಡಲೇ ಮೂಗಿಗೆ ಬಡಿಯುವುದು ನಿಂಬೆ, ಕಿತ್ತಳೆಯಂಥ ಹಗುರ ವಾಸನೆಗಳು. ಅವು ಹತ್ತು ಹದಿನೈದು ನಿಮಿಷದ ಅತಿಥಿಗಳು. ಆಮೇಲೆ ಹೂವಿನ, ಮಸಾಲೆಯ ವಾಸನೆ. ಸಂಜೆಯ ಹೊತ್ತಿಗೂ ಬಟ್ಟೆಯಲ್ಲಿ ಉಳಿಯುವುದು ದೇವದಾರು, ಗಂಧ, ಲಾವಂಚ ಮುಂತಾದ ಆಧಾರದ ವಾಸನೆಗಳು. ಇವು ತಾವು ಉಳಿಯುವುದಲ್ಲದೆ ಹಗುರ ವಾಸನೆಗಳು ಬೇಗ ಹಾರಿಹೋಗದಂತೆ ಸ್ವಲ್ಪಮಟ್ಟಿಗೆ ಹಿಡಿದಿಡುತ್ತವೆ. ಸಂಗೀತದ ಕಚೇರಿಯಲ್ಲಿ ತಂಬೂರಿಯನ್ನು ಯಾರೂ ಹೊಗಳುವುದಿಲ್ಲ. ಅದು ನಿಂತರೆ ಮಾತ್ರ ಎಲ್ಲರಿಗೂ ತಿಳಿಯುತ್ತದೆ. ಸುಗಂಧದಲ್ಲಿ ದೇವದಾರುವಿನ ಕೆಲಸ ಅಂಥದು.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒತ್ತುಕಾಗದದ ಮೂರು ಪಟ್ಟಿ ಕತ್ತರಿಸಿಕೊಳ್ಳಿ. ಒಂದರ ಮೇಲೆ ನಿಂಬೆಯ ಸಿಪ್ಪೆಯನ್ನು ಹಿಂಡಿ, ಇನ್ನೊಂದಕ್ಕೆ ಜಜ್ಜಿದ ಏಲಕ್ಕಿ ಕಾಳನ್ನು ತಿಕ್ಕಿ, ಮೂರನೆಯದಕ್ಕೆ ಸಾಣೆಕಲ್ಲಿನ ಮೇಲೆ ತೇಯ್ದ ಗಂಧ ಅಥವಾ ದೇವದಾರುವನ್ನು ಸವರಿ. ಐದು ನಿಮಿಷಕ್ಕೆ, ಒಂದು ಗಂಟೆಗೆ, ಮಾರನೆಯ ಬೆಳಗ್ಗೆ ಮೂಸಿ ನೋಡಿ ಬರೆದಿಡಿ. ಅಪ್ಪ, ಅಮ್ಮ, ಮಕ್ಕಳು ಬೇರೆ ಬೇರೆಯಾಗಿ ಬರೆದು ಆಮೇಲೆ ಹೋಲಿಸಿದರೆ ಇನ್ನೂ ಚೆನ್ನ. ಆದರೆ ಒಂದು ಎಚ್ಚರಿಕೆ. ಅಂಗಡಿಯ ಸುಗಂಧತೈಲಗಳನ್ನು ನಾಲಿಗೆಗೆ ಮುಟ್ಟಿಸಬಾರದು, ನೀರು ಬೆರೆಸಿ ಕುಡಿಯಬಾರದು, ಎಳೆಮಕ್ಕಳ ಮೂಗಿನ ಬಳಿ ಹಿಡಿಯಬಾರದು. ಪರಿಮಳವಿದ್ದ ಮಾತ್ರಕ್ಕೆ ಪದಾರ್ಥ ನಿರಪಾಯಕಾರಿ ಎಂದೇನಿಲ್ಲ.

ಬ್ಯಾಡಗಿಯ ದಾರಿ, ದೇವದಾರುವಿನ ದಾರಿ

ಮರದಿಂದ ಎಣ್ಣೆ ತೆಗೆಯುವುದು ಹೇಗೆ? ಹಾವೇರಿ ಜಿಲ್ಲೆಯ ಮಕ್ಕಳಿಗೆ ಇದನ್ನು ತಿಳಿಸಲು ಬ್ಯಾಡಗಿಯ ಮೆಣಸಿನಕಾಯಿಗಿಂತ ಒಳ್ಳೆಯ ಉದಾಹರಣೆ ಸಿಗದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಕೆಂಪು ಬಣ್ಣದ ಸಾರವನ್ನು ತೆಗೆದು ತಿನಿಸುಗಳಿಗೂ ತುಟಿಬಣ್ಣಕ್ಕೂ ಬಳಸುತ್ತಾರೆ. ಆದರೆ ಮೆಣಸಿನಕಾಯಿಯನ್ನು ನೀರಿನಲ್ಲಿ ಕುದಿಸಿ ಆವಿಯನ್ನು ಹಿಡಿದರೆ ಬಣ್ಣವೂ ಬರದು, ಖಾರವೂ ಬರದು. ಅವು ಆವಿಯೊಡನೆ ಏಳುವ ಪದಾರ್ಥಗಳಲ್ಲ. ಹಾಗಾಗಿ ಪುಡಿಯನ್ನು ದ್ರಾವಕದಲ್ಲಿ ನೆನೆಸಿ, ಸಾರ ಇಳಿಸಿಕೊಂಡು, ಆಮೇಲೆ ದ್ರಾವಕವನ್ನು ಹಾರಿಸುತ್ತಾರೆ.

ದೇವದಾರುವಿನದು ಬೇರೆ ದಾರಿ. ಹಿಮಾಲಯದ ಕಡೆ ಮರ ಕೊಯ್ದಾಗ ಉಳಿಯುವ ಹೊಟ್ಟು, ಚೂರು, ನೆಲದಲ್ಲಿ ಉಳಿದ ಬೊಡ್ಡೆ ಮತ್ತು ಬೇರುಗಳನ್ನು ಪಾತ್ರೆಗೆ ತುಂಬಿ ಉಗಿ ಹಾಯಿಸುತ್ತಾರೆ. ಎಣ್ಣೆ ತನ್ನಷ್ಟಕ್ಕೆ ಕುದಿಯಬೇಕಾದರೆ 250 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಶಾಖ ಬೇಕು, ಅಷ್ಟರಲ್ಲಿ ಸೀದುಹೋದೀತು. ಆದರೆ ನೀರಿನ ಜೊತೆ ಬೆರೆಯದ ದ್ರವವೊಂದು ನೀರಿನೊಡನೆ ಕುದಿಯುವಾಗ ಎರಡರ ಆವಿಯ ಒತ್ತಡಗಳು ಕೂಡಿಕೊಳ್ಳುತ್ತವೆ. ಕೂಡಿದ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮವಾದಾಗ ಕುದಿ ಬರುತ್ತದೆ. ಅಂದರೆ 100 ಡಿಗ್ರಿಗಿಂತ ತುಸು ಕೆಳಗೇ ಎಣ್ಣೆ ಉಗಿಯೊಡನೆ ಏಳುತ್ತದೆ. ತಣ್ಣಗಾದ ಮೇಲೆ ನೀರಿನ ಮೇಲೆ ತೇಲುತ್ತದೆ, ಬಗ್ಗಿಸಿಕೊಂಡರಾಯಿತು. ಪಿಯುಸಿ ಪುಸ್ತಕದಲ್ಲಿ ಪರೀಕ್ಷೆಗಾಗಿ ಬಾಯಿಪಾಠ ಮಾಡುವ ‘ಉಗಿ ಬಟ್ಟಿ ಇಳಿಸುವಿಕೆ’ ಎಂಬ ಎರಡು ಅಂಕದ ಪ್ರಶ್ನೆಯ ಮೇಲೆ ಒಂದು ಉದ್ಯಮವೇ ನಿಂತಿದೆ.

ಕಾಲೇಜಿನ ಪ್ರಯೋಗಾಲಯದಲ್ಲಿ ಈ ಎಣ್ಣೆಗೆ ಇನ್ನೊಂದು ಅವತಾರವಿತ್ತು. ಸೂಕ್ಷ್ಮದರ್ಶಕದ 100 ಪಟ್ಟಿನ ಮಸೂರದಲ್ಲಿ ಬ್ಯಾಕ್ಟೀರಿಯ ನೋಡಬೇಕಾದರೆ ಗಾಜಿಗೂ ಮಸೂರಕ್ಕೂ ನಡುವೆ ಒಂದು ಹನಿ ಎಣ್ಣೆ ಹಾಕಬೇಕು. ಗಾಜು ಬೆಳಕನ್ನು ಬಗ್ಗಿಸುವಷ್ಟೇ ಆ ಎಣ್ಣೆಯೂ ಬಗ್ಗಿಸಿದರೆ ಬೆಳಕು ದಾರಿ ತಪ್ಪುವುದಿಲ್ಲ. ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.52, ಮಂದಗೊಳಿಸಿದ ಸೀಡರ್ ಎಣ್ಣೆಯದು ಸುಮಾರು 1.515. ಜರ್ಮನಿಯ ಅರ್ನ್ಸ್ಟ್ ಅಬೆ 1878ರಲ್ಲಿ ಕಾರ್ಲ್ ಜೈಸ್ ಅವರ ಕಾರ್ಖಾನೆಗಾಗಿ ಇಂಥ ಮಸೂರವನ್ನು ರೂಪಿಸಿದರು. ರಾಬರ್ಟ್ ಕಾಕ್ ಅವರಂಥ ವಿಜ್ಞಾನಿಗಳ ರೋಗಾಣು ಶೋಧಕ್ಕೆ ಈ ಬಗೆಯ ಮಸೂರ ನೆರವಾಯಿತು. ಇಂದು ಆ ಜಾಗಕ್ಕೆ ಒಣಗಿ ಅಂಟಾಗದ ಕೃತಕ ಎಣ್ಣೆಗಳು ಬಂದಿವೆ. ಆದರೂ ಹಳೆಯ ಪ್ರಯೋಗಾಲಯಗಳ ಬೀರುವಿನಲ್ಲಿ ಸೀಡರ್ ಎಣ್ಣೆಯ ಪುಟ್ಟ ಸೀಸೆ ಸಿಕ್ಕರೆ ಆಶ್ಚರ್ಯವಿಲ್ಲ.

ಗಂಧದ ಎಣ್ಣೆಯೊಳಗೆ ದೇವದಾರು

ಈಗ ಗ್ರಂಧಿಗೆ ಅಂಗಡಿಯ ಕಾಕಾ ಹೇಳಿದ ಮಾತಿಗೆ ಬರೋಣ. ಪುಡಿಯೊಳಗೆ ಏನಿದೆ ಎನ್ನುವುದು ಪುಡಿ ಮಾಡಿದವನಿಗೆ ಗೊತ್ತು. ಎಣ್ಣೆಯ ಮಾತೂ ಹಾಗೆಯೇ. ಶ್ರೀಗಂಧದ ಎಣ್ಣೆ ದುಬಾರಿ, ಸೀಡರ್ ಎಣ್ಣೆ ಅಗ್ಗ. ಎರಡೂ ಮರದ ಪರಿಮಳ, ಎರಡೂ ನಸುಹಳದಿ. ಆದ್ದರಿಂದ ಗಂಧದೆಣ್ಣೆಗೆ ಸೀಡರ್ ಎಣ್ಣೆ ಬೆರೆಸುವ ಚಾಳಿ ಬಹಳ ಹಳೆಯದು.

ಮೈಸೂರು ಸಂಸ್ಥಾನದ ಗಂಧದ ಕೊರಡುಗಳು ಮೊದಲು ಹಡಗು ಹತ್ತಿ ಜರ್ಮನಿಯಂಥ ದೇಶಗಳಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ವಿಶ್ವೇಶ್ವರಯ್ಯನವರು ದಿವಾನರು, ಆಲ್ಫ್ರೆಡ್ ಚಾಟರ್ಟನ್ ಕೈಗಾರಿಕೆಗಳ ನಿರ್ದೇಶಕರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್ಬರೊ ಮತ್ತು ವಾಟ್ಸನ್ ಅವರ ಪ್ರಯೋಗಗಳ ಬಲದಿಂದ 1916ರಲ್ಲಿ ಇಲ್ಲಿಯೇ ಎಣ್ಣೆ ತೆಗೆಯುವ ಕೆಲಸ ಆರಂಭವಾಯಿತು. 1918ರಲ್ಲಿ ಸಾಬೂನಿನ ಕಾರ್ಖಾನೆ, 1944ರಲ್ಲಿ ಶಿವಮೊಗ್ಗದಲ್ಲಿ ಎರಡನೆಯ ಗಂಧದೆಣ್ಣೆ ಕಾರ್ಖಾನೆ. ಮೈಸೂರು ಗಂಧದೆಣ್ಣೆಗೆ ಜಗತ್ತಿನಲ್ಲಿ ಬಂದ ಹೆಸರಿಗೆ ಪರಿಮಳದಷ್ಟೇ ಕಾರಣ ಶುದ್ಧತೆಯ ಭರವಸೆ.

ಶುದ್ಧತೆಯನ್ನು ತಿಳಿಯುವುದು ಹೇಗೆ? ಔಷಧಕೋಶಗಳು ಹೇಳುತ್ತಿದ್ದ ಹಳೆಯ ಪರೀಕ್ಷೆ ಸರಳವಾದದ್ದು. ಒಂದು ಪಾಲು ಗಂಧದೆಣ್ಣೆ ಐದು ಪಾಲು 70 ಶೇಕಡ ಆಲ್ಕೋಹಾಲಿನಲ್ಲಿ ತಿಳಿಯಾಗಿ ಕರಗುತ್ತದೆ. ಸೀಡರ್ ಎಣ್ಣೆ ಅಷ್ಟರಲ್ಲಿ ಕರಗದು, ಮಬ್ಬಾಗುತ್ತದೆ. ಇನ್ನೊಂದು ಪರೀಕ್ಷೆ ಧ್ರುವೀಕೃತ ಬೆಳಕಿನದು. ಗಂಧದೆಣ್ಣೆ ಬೆಳಕಿನ ತಲವನ್ನು ಎಡಕ್ಕೆ ತಿರುಗಿಸುತ್ತದೆ, ವರ್ಜೀನಿಯದ ಎಣ್ಣೆಯೂ ಎಡಕ್ಕೆ. ಹಿಮಾಲಯ ಮತ್ತು ಅಟ್ಲಾಸ್ ಸೀಡರ್‌ಗಳದ್ದು ಬಲಕ್ಕೆ. ಈಗಂತೂ ಗ್ಯಾಸ್ ಕ್ರೊಮೆಟೋಗ್ರಾಫ್ ಯಂತ್ರ ಎಣ್ಣೆಯ ಒಂದೊಂದು ಅಂಶವನ್ನೂ ಬಿಡಿಸಿ ಎಷ್ಟೆಷ್ಟಿದೆ ಎಂದು ಹೇಳುತ್ತದೆ. ಮೂಗನ್ನು ವಂಚಿಸಿದವನು ಯಂತ್ರವನ್ನು ವಂಚಿಸುವುದು ಕಷ್ಟ.

ಇದರ ಜೊತೆಗೆ ಇನ್ನೊಂದು ಬಗೆಯ ಬದಲಿ ಇದೆ. ಅದು ಕಲಬೆರಕೆ ಅಲ್ಲ, ವಿಜ್ಞಾನ. ಅಮೆರಿಕದ ಐಎಫ್‌ಎಫ್ ಕಂಪನಿಯ ರಸಾಯನಶಾಸ್ತ್ರಜ್ಞರು 1973ರಲ್ಲಿ ‘ಐಸೊ ಇ ಸೂಪರ್’ ಎಂಬ ವಸ್ತುವನ್ನು ತಂದರು. ಸೀಡರ್ ಮರದಂತೆ ಪರಿಮಳಿಸುವ ಇದರಲ್ಲಿ ಸೀಡರ್ ಮರದ ಒಂದು ಚೂರೂ ಇಲ್ಲ. 2006ರಲ್ಲಿ ಬರ್ಲಿನ್ನಿನ ಸುಗಂಧತಜ್ಞ ಗೆಜಾ ಶೋನ್ ಇದೊಂದನ್ನೇ ಸೀಸೆಗೆ ತುಂಬಿ ‘ಮಾಲಿಕ್ಯೂಲ್ 01’ ಎಂದು ಮಾರಿದರು. ಇನ್ನೊಂದು ಕಡೆ 1992ರಲ್ಲಿ ಜಪಾನಿನ ಶಿಸೈಡೊ ಕಂಪನಿ ಅಟ್ಲಾಸ್ ಸೀಡರನ್ನೇ ಮುಂದಿಟ್ಟು ಹೆಂಗಸರ ಸುಗಂಧವೊಂದನ್ನು ತಂದಿತ್ತು; ಮರದ ವಾಸನೆ ಗಂಡಸರಿಗೆ ಮಾತ್ರ ಎಂಬ ರೂಢಿಯನ್ನು ಅದು ಮುರಿಯಿತು. ಸೀಸೆಯ ಮೇಲೆ ಇರುವುದನ್ನು ಇದ್ದ ಹಾಗೆ ಹೇಳಿದರೆ ಕೃತಕವೂ ಪ್ರಾಮಾಣಿಕವೇ. ಹೇಳದೆ ಬೆರೆಸಿದರೆ ಅಪ್ಪಟ ಕಾಡಿನ ಎಣ್ಣೆಯೂ ಮೋಸವೇ. ಮಕ್ಕಳು ಈ ವ್ಯತ್ಯಾಸವನ್ನು ತಿಳಿದುಕೊಳ್ಳಬೇಕು.

ಅಜ್ಜ ಕಿತ್ತೊಗೆದ ಸಸಿ

ದೇವದಾರುವಿನ ಮಾತು ಗಂಧದ ಕಡೆಗೆ ತಿರುಗಿದ ದಿನ ಆ ಮನೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ‘ಹಂಗಾದ್ರ ನಮ್ಮ ಹೊಲದಾಗ ಗಂಧದ ಗಿಡ ಯಾಕಿಲ್ಲ ಅಜ್ಜಾ?’ ಎಂದು ಹುಡುಗಿ ಕೇಳಿದಳು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

‘ಇದ್ದುವು. ಹಕ್ಕಿ ಹಿಕ್ಕಿ ಹಾಕಿ ಬದುವಿನ ಮ್ಯಾಲೆ ತಾವಾಗೇ ಹುಟ್ಟತಿದ್ದುವು. ಗೇಣುದ್ದ ಆಗೂದ್ರಾಗ ನಾನಽ ಕಿತ್ತು ಒಗೀತಿದ್ದೆ. ಸಸಿ ನಮ್ಮ ಹೊಲದ್ದು, ಮರ ಆದಮ್ಯಾಲೆ ಸರ್ಕಾರದ್ದು. ಕಳ್ಳ ಕಡಕೊಂಡು ಹೋದ್ರ ಕೇಳಾಕ ಬರೋದು ನಮ್ಮ ಬಾಗಿಲಿಗೆ. ಯಾಕ ಬೇಕವ್ವಾ ಅದು?’

ಹೀಗೆ ಮಾಡಿದವರು ಅವರೊಬ್ಬರೇ ಅಲ್ಲ. ಟಿಪ್ಪು ಸುಲ್ತಾನ್ 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದ ಮೇಲೆ ಮೈಸೂರು ಸೀಮೆಯಲ್ಲಿ ಮರ ಯಾರ ನೆಲದಲ್ಲಿದ್ದರೂ ಅರಸೊತ್ತಿಗೆಯ ಸ್ವತ್ತಾಯಿತು. ಸ್ವಾತಂತ್ರ್ಯ ಬಂದ ಮೇಲೂ ಅರಣ್ಯ ಕಾಯಿದೆ ಬಹುಕಾಲ ಅದೇ ಜಾಡಿನಲ್ಲಿ ನಡೆಯಿತು. ಮರವನ್ನು ಉಳಿಸಲೆಂದೇ ಮಾಡಿದ ಕಟ್ಟಳೆ ರೈತನಿಗೆ ಮರವನ್ನು ಬೇಡವಾಗಿಸಿತು. ಕಾಡಿನ ಗಂಧ ಕಳ್ಳರ ಪಾಲಾಯಿತು, ಹೊಲದ ಗಂಧ ಸಸಿಯಲ್ಲಿಯೇ ಸತ್ತಿತು. ಶ್ರೀಗಂಧವನ್ನು ಅಪಾಯದಂಚಿನ ಮರಗಳ ಪಟ್ಟಿಗೆ ಸೇರಿಸುವ ಹೊತ್ತಿಗೆ, ಅಂದರೆ 1998ಕ್ಕೆ, ಗಂಧದ ನಾಡೆಂದು ಹಾಡಿಕೊಳ್ಳುವ ನೆಲದಲ್ಲಿಯೇ ಕಾರ್ಖಾನೆಗೆ ಕೊರಡು ಸಾಲದಾಗಿತ್ತು. ಅತ್ತ ಆಸ್ಟ್ರೇಲಿಯದ ಪಶ್ಚಿಮ ಭಾಗದಲ್ಲಿ ನಮ್ಮದೇ ಜಾತಿಯ ಗಂಧದ ದೊಡ್ಡ ತೋಟಗಳು ಎದ್ದವು.

2001ರಲ್ಲಿ ಕರ್ನಾಟಕ ಕಾನೂನನ್ನು ತಿದ್ದಿತು. ಈಗ ಹೊಲದಲ್ಲಿ ಬೆಳೆದ ಗಂಧ ಹೊಲದವನದೇ. ಕಡಿಯಲು, ಸಾಗಿಸಲು ಮಾತ್ರ ಇಲಾಖೆಯ ಅನುಮತಿ ಬೇಕು. ಹಾಗೆಂದು ಮಗಳ ಓದಿಗೋ ಮದುವೆಗೋ ಆಗುತ್ತದೆಂದು ಜಾಹೀರಾತು ನಂಬಿ ಎಕರೆಗಟ್ಟಲೆ ನೆಡುವ ಮುನ್ನ ಪೋಷಕರು ಎರಡು ಸಲ ಯೋಚಿಸಬೇಕು. ಗಂಧ ಅರೆಪರಾವಲಂಬಿ, ಪಕ್ಕದ ಗಿಡದ ಬೇರಿಗೆ ಬೇರು ಊರದೆ ಚೆನ್ನಾಗಿ ಏಳದು. ಎಣ್ಣೆಯಿರುವುದು ಚೇಗಿನಲ್ಲಿ, ಅದು ಬಲಿಯಲು ಹದಿನೈದು ಇಪ್ಪತ್ತು ವರ್ಷವಾದರೂ ಬೇಕು. ಬಲಿತ ಮೇಲೆ ಕಾಯುವುದೇ ದೊಡ್ಡ ಕೆಲಸ.

ದೇವದಾರುವಿನ ಬಂಧುಗಳ ಕತೆಯೂ ಇದಕ್ಕಿಂತ ಬೇರೆಯಲ್ಲ. ಲೆಬನಾನಿನ ಸೀಡರ್ ಆ ದೇಶದ ಬಾವುಟದ ಮೇಲಿದೆ. ಈಜಿಪ್ಟಿನ ಖುಫು ದೊರೆಯ ಪಿರಮಿಡ್ಡಿನ ಪಕ್ಕದಲ್ಲಿ 1954ರಲ್ಲಿ ಸಿಕ್ಕ, ನಾಲ್ಕೂವರೆ ಸಾವಿರ ವರ್ಷದ ಹಡಗು ಈ ಮರದ್ದೇ. ಅರಸರು, ಗುಡಿ ಕಟ್ಟುವವರು, ಹಡಗು ಕಟ್ಟುವವರು ಸಾವಿರಾರು ವರ್ಷ ಕಡಿದು ಕಡಿದು ಬೆಟ್ಟ ಬೋಳಾಯಿತು. ಉಳಿದ ಒಂದು ತೋಪನ್ನು ಯುನೆಸ್ಕೊ 1998ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಲೆಯುಳ್ಳ ಸುಗಂಧಗಳಿಗೆ ಎಣ್ಣೆ ಕೊಡುವ ಅಟ್ಲಾಸ್ ಸೀಡರ್ ಕೂಡ ಇಂದು ಅಳಿವಿನ ಭೀತಿಯಲ್ಲಿರುವ ಮರ.

ಭೂತಗನ್ನಡಿಯ ತೀರ್ಪು

ಹುಡುಗಿಯ ಕೈಯಲ್ಲಿದ್ದ ಚೆಕ್ಕೆ ನಿಜವಾದ ದೇವದಾರು ಹೌದೋ ಅಲ್ಲವೋ? ಕಾಲೇಜಿನ ಸಸ್ಯಶಾಸ್ತ್ರದ ಮೇಡಂ ಒಂದು ಉಪಾಯ ಹೇಳಿಕೊಟ್ಟರು. ಹೊಸ ಬ್ಲೇಡಿನಿಂದ ಚೆಕ್ಕೆಯ ಅಡ್ಡಕೊಯ್ತದ ಮುಖವನ್ನು ನುಣ್ಣಗೆ ಹೆರೆದು, ಒಂದು ಹನಿ ನೀರು ಹಚ್ಚಿ, ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಬೇಕು. ಹೂ ಬಿಡುವ ಮರಗಳ ಕಟ್ಟಿಗೆಯಲ್ಲಿ ನೀರು ಸಾಗಿಸುವ ಕೊಳವೆಗಳ ಬಾಯಿ ಸೂಜಿಯಿಂದ ಚುಚ್ಚಿದಂತೆ ಕಾಣುತ್ತದೆ. ದೇವದಾರು, ಜುನಿಪರ್, ಪೈನ್ ಮುಂತಾದ ಶಂಕುಮರಗಳಲ್ಲಿ ಅಂಥ ಕೊಳವೆಗಳೇ ಇಲ್ಲ.

ಹುಡುಗಿ ಚೆಕ್ಕೆಯನ್ನೂ, ಶಾಲೆಯ ಕಂಪೌಂಡಿನಲ್ಲಿ ಬಿದ್ದಿದ್ದ ಒಣಕೊಂಬೆಯನ್ನೂ, ಎರಡು ಪೆನ್ಸಿಲ್‌ಗಳನ್ನೂ ಸಾಲಾಗಿಟ್ಟು ನೋಡಿದಳು. ಕಂಪೌಂಡಿನ ಕೊಂಬೆಯಲ್ಲಿ ತೂತುಗಳು ಕಂಡವು. ಊರಿನಲ್ಲಿ ಕೊಂಡ ಪೆನ್ಸಿಲ್ಲಿನಲ್ಲಿಯೂ ಸಣ್ಣದಾಗಿ ಕಂಡವು. ಸೋದರಮಾವನ ಪೆನ್ಸಿಲ್ಲಿನಲ್ಲಿ ಇಲ್ಲ, ಅಂಗಡಿಯ ಚೆಕ್ಕೆಯಲ್ಲಿಯೂ ಇಲ್ಲ. ಅಂದರೆ ಚೆಕ್ಕೆ ಯಾವುದೋ ಶಂಕುಮರದ್ದು ಎನ್ನುವಷ್ಟು ಖಚಿತ; ಅಮ್ಮನ ಮರದ್ದಲ್ಲ, ಅಜ್ಜನ ಗಿಡದ್ದೂ ಅಲ್ಲ. ಹಿಮಾಲಯದ ದೇವದಾರುವೇ ಎಂದು ಹೇಳಬೇಕಾದರೆ ಇನ್ನೂ ದೊಡ್ಡ ಸೂಕ್ಷ್ಮದರ್ಶಕ ಬೇಕು, ಪಳಗಿದ ಕಣ್ಣು ಬೇಕು. ಬೆಂಗಳೂರಿನ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಕಟ್ಟಿಗೆಯ ಗುರುತು ಹೇಳುವುದೇ ಒಂದು ಶಾಸ್ತ್ರವಾಗಿ ಬೆಳೆದಿದೆ. ಕನೌಜಿನಲ್ಲಿ 1991ರಿಂದ ಸುಗಂಧ ಮತ್ತು ಸ್ವಾದಗಳಿಗಾಗಿಯೇ ಒಂದು ಕೇಂದ್ರವಿದೆ. ಪಿಯುಸಿ ಮುಗಿಸಿದವರಿಗೆಲ್ಲ ದಾರಿ ಎರಡೇ ಎಂದು ತಿಳಿದ ಪೋಷಕರು ಇಂಥ ಮೂರನೆಯ, ನಾಲ್ಕನೆಯ ದಾರಿಗಳತ್ತಲೂ ಒಮ್ಮೆ ಕಣ್ಣು ಹಾಯಿಸಬಹುದು. ಮೂಗು ಚುರುಕಾಗಿದ್ದು ರಸಾಯನಶಾಸ್ತ್ರ ಇಷ್ಟವಾದ ಮಗುವಿಗೆ ಅಲ್ಲಿ ಕೆಲಸವಿದೆ.

ಒಂದು ಹೆಸರನ್ನು ಕೇಳಿದ ಕೂಡಲೇ ಒಪ್ಪಿಕೊಳ್ಳದೆ, ಕೂಡಲೇ ತಳ್ಳಿಯೂ ಹಾಕದೆ, ಹೆರೆದು ನೋಡುವುದು, ಮೂಸಿ ನೋಡುವುದು, ಇಷ್ಟು ಗೊತ್ತಾಯಿತು, ಇಷ್ಟು ಗೊತ್ತಾಗಲಿಲ್ಲ ಎಂದು ಬರೆದಿಡುವುದು. ಆ ಹುಡುಗಿ ಒಂದು ಚೆಕ್ಕೆಯಿಂದ ಕಲಿತದ್ದು ಇದನ್ನು. ಅಕ್ಕನ ಕಷಾಯಕ್ಕೆ ಹೋಗಿ ಉಳಿದ ಒಂದು ಚೂರು ಈಗ ಅವಳ ಕಂಪಾಸ್ ಪೆಟ್ಟಿಗೆಯಲ್ಲಿದೆ.

ಮಳೆಗಾಲದ ಮೊದಲ ಹದಕ್ಕೆ ಅಜ್ಜನ ಹೊಲದ ಬದುವಿನ ಮೇಲೆ, ತೊಗರಿ ಸಾಲಿನ ಪಕ್ಕದಲ್ಲಿ, ಒಂದು ಗಂಧದ ಸಸಿ ಕಾಣಿಸಿಕೊಂಡಿತು. ಅಜ್ಜ ಕುರ್ಚಿಗಿ ಹಿಡಿದು ಬಾಗಿದವರು ಸುತ್ತಲಿನ ಕಳೆಯನ್ನಷ್ಟೇ ಕಿತ್ತು ಮೇಲೆದ್ದರು.